ಅನುಮಾನದ ಜೇಬು

ನಾನೊಂದು ಬಿದಿರ ಪುಟ್ಟಿ. ಹಗೆ ಮರೆಯುವ ಪೈಕಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೇದರ ಚಿನ್ನಪ್ಪ ನನ್ನನ್ನು ಹೆಣೆಯುವಾಗ ಸೊಪ್ಪಿನ ಮುನೆಕ್ಕ ಎದುರೇ ಕೂತು, ಒಳಮಗ್ಗುಲಿಗೆ ಅಂಗೈ ಹಿಡಿಯುವಷ್ಟು ಜೇಬೊಂದನ್ನು ಹೆಣೆಸಿಕೊಂಡಳು.

ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಕೀಳುವುದು ನಮ್ಮ ಕೆಲಸ. ಗಣಿಕೆ, ಅಣ್ಣೆ, ಗೋಣಿ, ಏನೇ ಆಗಲಿ ಮೊದಲು ಮುನೆಕ್ಕನ ಕಣ್ಣಿಗೆ, ಆಮೇಲೆ ಮೂಗಿಗೆ. ಕೊಂಚ ಅನುಮಾನ ಬಂದರೂ ಅದು ಜೇಬಿಗೆ. ಬದುವಿನಲ್ಲೇ ಎಸೆದರೆ ಹಿಂದೆ ಬರುವವರು ಸೊಪ್ಪೆಂದು ಎತ್ತಿಕೊಂಡಾರು ಅಂತ ಮನೆಗೆ ತಂದು ತಿಪ್ಪೆಯಲ್ಲಿ ಹೂಳುತ್ತಿದ್ದಳು.

ಆ ಸೊಪ್ಪು ಬೇಯಿಸಿ ಬಸಿದು ಮುನೆಕ್ಕ ಮಾಡುವ ಬಸ್ಸಾರಿಗೆ ಊರಲ್ಲಿದ್ದ ಹೆಸರು ಕಂಡರೆ ಪಕ್ಕದ ಮನೆ ಅಲುವೇಲಮ್ಮನಿಗೆ ಹೊಟ್ಟೆಯುರಿ. ಯಾವುದೋ ಮಗುವಿಗೆ ವಾಂತಿಯಾದದ್ದೇ ನೆಪ, "ಮುನೆಕ್ಕನ ಪುಟ್ಟಿನಾಗೆ ಇಸ ಐತೆ" ಅಂತ ಡಂಗುರ ಸಾರಿದಳು. ಮೂವತ್ತು ವರ್ಷ ಆ ಸಾರು ಚಪ್ಪರಿಸಿದವರೇ ಬಾಗಿಲು ಹಾಕಿಕೊಂಡರು. ಮುನೆಕ್ಕ ಎಂದಿನಂತೆ ನನ್ನನ್ನೆತ್ತಿಕೊಂಡು ಹೊಲಕ್ಕೆ ಹೊರಟಳು. ನಾನು ಮಾತ್ರ ಒಳಗೊಳಗೇ ಹಲ್ಲು ಮಸೆದೆ.

ಒಂದು ಮಧ್ಯಾಹ್ನ ಅದೇ ಅಲುವೇಲಮ್ಮ ಜಗಲಿಯಿಂದ ನನ್ನನ್ನು ಕದ್ದಳು. ಮುನೆಕ್ಕ ಜೇಬಿಗೆ ಎಲೆ ತುರುಕುವುದನ್ನು ಬೇಲಿ ಸಂದಿನಿಂದ ನೋಡಿದ್ದಳಲ್ಲ! "ಕಳ್ಳಿ, ರುಚಿ ಇರೋ ಸೊಪ್ಪೆಲ್ಲ ಇದ್ರಾಗೆ ಬಚ್ಚಿಕ್ತಾಳೆ" ಅನ್ನುತ್ತ ಜೇಬಿನ ಅಂಚು ಕಿತ್ತು, ಅದರಲ್ಲಿದ್ದುದನ್ನೇ ಬೇಯಿಸಿ, ಒಬ್ಬಳೇ ಉಂಡಳು. ತಿನ್ನು, ಹೊಟ್ಟೆತುಂಬ ತಿನ್ನು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಲುವೇಲಮ್ಮನ ಬಾಯಿ ಒಣಗಿತು, ಕಣ್ಣಗುಡ್ಡೆ ಅಗಲವಾಯಿತು, ಗೋಡೆಯ ಜೊತೆ ಮಾತಾಡತೊಡಗಿದಳು. ಅವಳ ಗಂಡ ಮುನೆಕ್ಕನ ಬಳಿಗೆ ಓಡಿದ. ಬರಬೇಡ, ಸಾಯಲಿ ಅಂತಲೇ ನಾನು ಬಯಸಿದ್ದು. ಸುಳ್ಳು ಯಾಕೆ ಹೇಳಲಿ? ಮುನೆಕ್ಕ ಬಂದಳು. ಜೇಬಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಎಲೆಯನ್ನು ಹಿಸುಕಿ ಮೂಸಿದಳು.

"ಉಮ್ಮತ್ತಿ! ಆಟೋ ಕರೀರಿ."

ಆ ದತ್ತೂರಿ ಎಲೆಯನ್ನೇ ಆಸ್ಪತ್ರೆಯಲ್ಲಿ ಡಾಕ್ಟರ ಕೈಗಿಟ್ಟಳು. ಜೀವ ಉಳಿಯಿತು. ನನಗೆ ಮುನೆಕ್ಕನ ಮೇಲೇ ಸಿಟ್ಟು ಬಂತು.

ಮುನೆಕ್ಕ ಎಂಥವಳೆಂದು ನನಗಿನ್ನೂ ಗೊತ್ತಿರಲಿಲ್ಲ. ವಾರ ಕಳೆದ ಮೇಲೆ, ನಲ್ಲಿಯ ಬಳಿ ಹೆಂಗಸರೆಲ್ಲ ಸೇರಿದ್ದಾಗ, ಅವಳು ನನ್ನನ್ನು ಅಲುವೇಲಮ್ಮನ ಕೈಗೆ ಕೊಟ್ಟಳು. "ನನ್ ಪುಟ್ಟಿನಾಗೆ ಇಸ ಐತೆ ಅಂದ್ಯಲ್ಲ, ನಿಜಾನೇ ಕಣಮ್ಮಿ. ಅದ್ನ ನಾನು ಹೂಳ್ತಿದ್ದೆ, ನೀನು ಕದ್ದು ತಿಂದೆ. ಇದ್ನ ನೀನೇ ಇಟ್ಕೋ. ಒಲೆಗೆ ಮಾತ್ರ ಹಾಕ್ಬೇಡ, ನಾನು ಕೇಳ್ತಿರ್ತೀನಿ."

ಈಗ ನಾನು ಮುದಿ. ಅಲುವೇಲಮ್ಮನ ಹಿತ್ತಲಲ್ಲಿ ನನ್ನೊಳಗೆ ಕೋಳಿ ಕಾವು ಕೂರುತ್ತದೆ. ಊರಿನವರು ಮತ್ತೆ ಮುನೆಕ್ಕನ ಬಸ್ಸಾರಿಗೆ ಬಟ್ಟಲು ಹಿಡಿದು ನಿಲ್ಲುತ್ತಾರೆ. ಅವಳ ಹೊಸ ಪುಟ್ಟಿಗೂ ಜೇಬಿದೆಯಂತೆ. ಹೊಲಕ್ಕೆ ಹೊರಟಾಗೆಲ್ಲ ಬೇಲಿಯಾಚೆಯಿಂದ ಕೇಳುತ್ತಾಳೆ, "ಪುಟ್ಟಿ ಐತಾ?"

"ಐತಕ್ಕ" ಅನ್ನುತ್ತಾಳೆ ಅಲುವೇಲಮ್ಮ, ತಲೆ ತಗ್ಗಿಸಿ. ತಗ್ಗಿಸಿದ ಮುಖ ನೆಲದ ಮೇಲಿರುವ ನನಗೆ ಚೆನ್ನಾಗಿ ಕಾಣುತ್ತದೆ.