ಪಕ್ಕೆಲುಬಿನ ಕೆಳಗಿನ ಪದ

ಮೂಗಿಗೆ ಗುದ್ದು ಬಿದ್ದು ನಾನು ಕಲಿತ ಮೊದಲ ಸ್ಪ್ಯಾನಿಷ್ ಪದ ‘ಲಾ ನರೀಸ್’. ‘ಎಲ್ ನರೀಸ್’ ಅಂದಿದ್ದಕ್ಕೆ ನನ್ನ ಬಾಕ್ಸಿಂಗ್ ಕೋಚಮ್ಮ ಕೊಟ್ಟ ಗುದ್ದು ಅದು. ಆಕೆ ಕಡಲಾಚೆಯವಳು, ನಮ್ಮ ಭಾಷೆ ಒಂದಕ್ಷರ ಬಾರದು. ಪಾಠವೆಲ್ಲ ಬಾಕ್ಸಿಂಗ್ ರಿಂಗಿನೊಳಗೇ. ದೇಹದ ಒಂದು ಭಾಗದ ಹೆಸರನ್ನು ಆಕೆ ಹೇಳಬೇಕು, ಅದರ ಮುಂದೆ ಎಲ್ ಅಥವಾ ಲಾ ಸೇರಿಸಬೇಕಾದವಳು ನಾನು. ತಪ್ಪಿದರೆ ಗ್ಲೌಸು ಅಲ್ಲಿಗೇ ಬರುತ್ತದೆ.

ನಮಗೆ ಮೂಗು, ಕುರ್ಚಿ, ಬಕೆಟ್ಟು ಎಲ್ಲವೂ ‘ಅದು’. ಆಕೆಗೆ ಪ್ರತಿಯೊಂದೂ ಗಂಡು, ಇಲ್ಲವೇ ಹೆಣ್ಣು. ಗಂಡಾದರೆ ಎಲ್, ಹೆಣ್ಣಾದರೆ ಲಾ. ಪದ ‘ಓ’ ಎಂದು ಮುಗಿದರೆ ಹೆಚ್ಚಾಗಿ ಗಂಡು, ‘ಆ’ ಎಂದು ಮುಗಿದರೆ ಹೆಣ್ಣು. ಕಣ್ಣು ಎಲ್ ಓಹೊ, ಬಾಯಿ ಲಾ ಬೋಕಾ. ಅದನ್ನೇ ನಂಬಿ ಕೈಗೆ ‘ಎಲ್ ಮಾನೊ’ ಅಂದೆ, ಬಿತ್ತು ನೋಡಿ! ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಕೈ ಮಾತ್ರ ಹೆಣ್ಣಂತೆ, ಲಾ ಮಾನೊ. ಯಾಕೆ ಅಂತ ಕೇಳಿದರೆ ಇನ್ನೊಂದು ಬೀಳುತ್ತದೆ, ಕೇಳಲಿಲ್ಲ.

ಜಿಮ್ ನನ್ನ ಚಿಕ್ಕಪ್ಪನದು. ಅಪ್ಪ ಅಮ್ಮ ತೀರಿಹೋದ ಮೇಲೆ ನಾನಿರುವ ಮನೆಯೂ ಅವನದೇ. ಗೆದ್ದರೆ ಹೆಸರು ಅವನಿಗೆ, ಸೋತರೆ ಬೆಲ್ಟು ನನ್ನ ಬೆನ್ನಿಗೆ. ಬಂದವರೆದುರು ನನ್ನ ಕಡೆ ಗದ್ದ ಎತ್ತಿ, ಅದಕ್ಕೇನು ಗೊತ್ತಾಗುತ್ತೆ ಅನ್ನುತ್ತಾನೆ. ಹಾಳಾಗಿ ಹೋಗಲಿ ಅಂತ ಎಷ್ಟು ಸಲ ಶಪಿಸಿದ್ದೇನೋ.

ಕೋಚಮ್ಮ ತನ್ನ ಊರಿಗೆ ಹೊರಟಿದ್ದಳು. ಪಂದ್ಯದಲ್ಲಿ ತನ್ನ ಕೂಗು ಅರ್ಥವಾಗಿ ಹೊಡೆದರೆ ನನ್ನನ್ನೂ ಕರೆದೊಯ್ಯುವುದಾಗಿ, ಊಟ, ವಸತಿ, ತರಬೇತಿ ಎಲ್ಲ ಅಲ್ಲೇ ಎಂದು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಳು. ಆ ಮನೆಯಿಂದ ಹೊರಬೀಳಲು ನನಗಿದ್ದ ಬಾಗಿಲು ಇದೊಂದೇ.

ಪಂದ್ಯದ ದಿನ ರಿಂಗಿನ ನನ್ನ ಮೂಲೆಯಲ್ಲಿ ಕೋಚಮ್ಮ, ಚಿಕ್ಕಪ್ಪ ಇಬ್ಬರೂ ನಿಂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೋಚಮ್ಮ ‘ಎಲ್ ಈಗಾದೊ’ ಎಂದು ಕೂಗಿದಳು. ಅಂದರೆ ಲಿವರ್, ಬಲಪಕ್ಕೆಲುಬಿನ ಕೆಳಗೆ. ಚಿಕ್ಕಪ್ಪ ಮುಖಕ್ಕೆ ಹೊಡಿ ಎಂದು ಅರಚಿದ. ಚಿಕ್ಕಂದಿನಿಂದ ಹೆದರಿದ ಧ್ವನಿ, ಕೈ ತಾನಾಗಿ ಮೇಲೆದ್ದಿತು. ಎದುರಿನ ಹುಡುಗಿ ತಲೆ ತಗ್ಗಿಸಿ ಬಾರಿಸಿದಳು. ನನ್ನ ಮೂಗು ಲಟಕ್ಕೆಂದಿತು, ಬಾಯಿ ತುಂಬ ರಕ್ತ.

ಎರಡನೇ ಸುತ್ತಿನಲ್ಲೂ ಇಬ್ಬರೂ ಕೂಗಿದರು. ರಕ್ತ ನುಂಗಿ, ಬಗ್ಗಿ, ಎಡಗೈಯಿಂದ ಪಕ್ಕೆಗೆ ಬಿಟ್ಟೆ. ಹುಡುಗಿ ಮಡಚಿಕೊಂಡು ಬಿದ್ದವಳು ಏಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಚಿಕ್ಕಪ್ಪ ಬೆಲ್ಟು ಬಿಚ್ಚುತ್ತಲೇ ಬಂದ. ಗೆದ್ದಿದ್ದು ಅವನಿಗೆ ಲೆಕ್ಕಕ್ಕಿರಲಿಲ್ಲ, ತನ್ನ ಮಾತು ಮೀರಿದ್ದೇ ತಪ್ಪು. ಮೊದಲ ಏಟಿಗೆ ಕಿವಿ ಹರಿಯಿತು. ಕೂದಲು ಹಿಡಿದು ನನ್ನ ಹಣೆಯನ್ನು ಗೋಡೆಗೆ ಚಚ್ಚಿದ. ಸದ್ದಿಗೆ ಜನ ಬಾಗಿಲಲ್ಲಿ ಸೇರಿದರು. ಅವರನ್ನು ತಳ್ಳಿಕೊಂಡು ಕೋಚಮ್ಮ ಒಳಗೆ ಬಂದಳು.

“ಇದು ಎಲ್ಲಿಗೂ ಬರಲ್ಲ,” ಎಂದ ಚಿಕ್ಕಪ್ಪ. “ಸಾಕಿರೋದು ನಾನು ಇದನ್ನ.”

ಆಕೆ ಅವನನ್ನು ಮುಟ್ಟಲಿಲ್ಲ. ನನ್ನನ್ನೇ ನೋಡಿ, ಪಾಠ ಒಪ್ಪಿಸಿಕೊಳ್ಳುವ ಧ್ವನಿಯಲ್ಲಿ, “ಈಗಾದೊ?” ಎಂದಳು.

“ಎಲ್,” ಅಂದೆ. ಹೊಡೆದೆ.

ಚಿಕ್ಕಪ್ಪ ಮೊಣಕಾಲೂರಿ, ಆಮೇಲೆ ಪೂರ್ತಿ ನೆಲಕ್ಕೆ ಬಿದ್ದ. ಅಯ್ಯೋ ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಿಗ್ಗಾಯಿತು. ಕೋಚಮ್ಮ ನನ್ನ ಚೀಲ ಎತ್ತಿಕೊಂಡಳು.

“ಅವಳನ್ನ ಹಿಡೀರಿ,” ಎಂದು ಚಿಕ್ಕಪ್ಪ ನನ್ನತ್ತ ಬೆರಳು ಮಾಡಿ ಕೆಳಗಿನಿಂದ ನರಳಿದ.

ಬಾಗಿಲಲ್ಲಿದ್ದವರು ದಾರಿ ಬಿಟ್ಟರು.