ಸಾಧು ಮಗು

ಮಗು ಹುಟ್ಟಿ ಆರನೇ ದಿನ. ಬೆಳಗ್ಗೆ ಮೈಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಸೊಸೆಯ ಪಕ್ಕ ಮಲಗಿಸುತ್ತ ಬೀರಮ್ಮ ಹೆಮ್ಮೆಯಿಂದ ಹೇಳಿದಳು: "ಎಂಥಾ ಸಾಧು ಮಗು ಕಣವ್ವ ಇದು! ನೀರು ಹಾಕಿದ್ರೂ ಕುಯ್ ಅನ್ನಲಿಲ್ಲ."

ಆ ಮಾತು ಕೇಳುತ್ತಲೇ ಭವ್ಯಾಗೆ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ, ಅವಳ ಮೊದಲ ಮಗನನ್ನೂ ಅತ್ತೆ ಹೀಗೇ ಹೊಗಳಿದ್ದಳು. ಆ ಸಾಧು ಮಗು ಒಂಬತ್ತನೇ ದಿನ ಸದ್ದಿಲ್ಲದೆ ಹೊರಟುಹೋಗಿತ್ತು. 'ಋಣ ಇದ್ದದ್ದು ಅಷ್ಟೇ' ಅಂದರು ಬಂದವರೆಲ್ಲ. ಭವ್ಯಾನೂ ನಂಬಿದ್ದಳು. ನಂಬದೆ ಬದುಕುವುದು ಹೇಗೆ?

ಹಗರೆಯ ಟಾರ್ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಊರು ಅದು. ಮಾವ ಮರಿಯಣ್ಣನದು ಐದು ಹಸುಗಳ ಮನೆ, ಎರಡು ಹೊತ್ತೂ ಡೇರಿಗೆ ಹಾಲು ಹಾಕುವವರು. ಗಂಡ ಗುರುಮೂರ್ತಿ ಬೇಲೂರಿನಲ್ಲಿ ಗುಮಾಸ್ತ. ಭವ್ಯಾಳ ತವರು ಬಾಣಾವರ. ಅಲ್ಲಿ ಅಮ್ಮ ಇಲ್ಲದ್ದರಿಂದ ಎರಡು ಬಾಣಂತನವೂ ಅತ್ತೆಯ ಕೈಯಲ್ಲೇ ಆಗಿತ್ತು. ಬೀರಮ್ಮ ಕೆಟ್ಟವಳಲ್ಲ. ಸೊಸೆಗೆ ಹೊತ್ತುಹೊತ್ತಿಗೆ ಬಿಸಿಬಿಸಿ ಅನ್ನ, ಮೆಣಸಿನ ಸಾರು ತಂದಿಡುವಳು. ಆದರೆ ಅವಳಿಗೆ ಗೊತ್ತಿದ್ದುದೇ ವೇದ, ಮಿಕ್ಕದ್ದೆಲ್ಲ ಹುಡುಗುಬುದ್ಧಿ.

ಭವ್ಯಾ ಮಗುವನ್ನು ಎದೆಗೆ ಹಚ್ಚಿದಳು. ತುಟಿ ಅಲುಗಲಿಲ್ಲ. ಕೆನ್ನೆ ತಟ್ಟಿದಳು, ಅಂಗಾಲು ಕೆರೆದಳು. ಅರೆಗಣ್ಣು ತೆರೆದು ಮತ್ತೆ ಮುಚ್ಚಿತು. ನಿನ್ನೆ ಮಧ್ಯಾಹ್ನದಿಂದ ಹೀಗೇ. ಅಂಗಾಲು ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಅಗ್ಗಿಷ್ಟಿಕೆಯ ಕಾವು ತಾಗುತ್ತಿದ್ದರೂ ಮೈ ಬೆಚ್ಚಗಾಗಿರಲಿಲ್ಲ.

"ಅತ್ತೆ, ಹಾಲು ಕುಡೀತಿಲ್ಲ. ನಿನ್ನೇನೂ ಹೇಳ್ದೆ."

"ಹೊಟ್ಟೆ ತುಂಬೈತೆ, ಕುಡೀತಿಲ್ಲ. ಬಜೆ ತೇದು ನೆಕ್ಕಿಸ್ತೀನಿ ಸುಮ್ಕಿರು."

ಅತ್ತೆ ಬಜೆ ತರಲು ಹೋದಾಗ ಭವ್ಯಾ ಟ್ರಂಕಿನಿಂದ ತಾಯಿ ಕಾರ್ಡು ತೆಗೆದಳು. ಬಸುರಿನಲ್ಲಿ ತೂಕ, ಬಿ.ಪಿ. ಬರೆಸಲು ಮಾತ್ರ ತೆರೆದಿದ್ದ ಪುಸ್ತಕ. ಕೊನೆಯ ಹಾಳೆಗಳಲ್ಲಿ ಚಿತ್ರಗಳಿದ್ದವು. ಎದೆಹಾಲು ಎಳೆಯದ ಮಗು. ಜೋಲುಬಿದ್ದ ಮಗು. ಮೈ ತಣ್ಣಗಾದ ಮಗು. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುವ ಮಗು. ಕೆಳಗೆ ದಪ್ಪ ಅಕ್ಷರದಲ್ಲಿ: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ.

ಸುತ್ತಿದ ಸೀರೆ ಬಿಚ್ಚಿದಳು. ಪಕ್ಕೆಯ ಮೂಳೆಗಳ ಕೆಳಗೆ ಚರ್ಮ ಪ್ರತಿ ಉಸಿರಿಗೂ ಗುಂಡಿ ಬೀಳುತ್ತಿತ್ತು. ಹೊಕ್ಕುಳಿನ ಮೇಲೆ ಬೂದಿ ಮೆತ್ತಿತ್ತು, ಸುತ್ತ ಕೆಂಪಗೆ ಊದಿತ್ತು.

ಅವಳು ಆ ಹಾಳೆಯನ್ನು ಮತ್ತೆ ನೋಡಿದಳು. ಅಲ್ಲಿದ್ದದ್ದು ಈ ಮಗಳಷ್ಟೇ ಅಲ್ಲ, ಅವಳ ಮಗನೂ. ಅವನೂ ಹಾಲು ಬಿಟ್ಟಿದ್ದ, ಅವನೂ ತಣ್ಣಗಾಗಿದ್ದ. ಹೀಗೇ ಒಂದು ಪುಸ್ತಕ ಆಗಲೂ ಇದೇ ಟ್ರಂಕಿನಲ್ಲಿ ಬಿದ್ದಿತ್ತು. ಯಾರೂ ತೆರೆಯಲಿಲ್ಲ. ತಾನೂ ತೆರೆಯಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಸಿಟ್ಟು.

ಬಾಗಿಲ ಬಳಿ ಗುರುಮೂರ್ತಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ಏನ್ರೀ, ಆಸ್ಪತ್ರೆಗೆ ಹೋಗ್ಬೇಕು. ಈಗ್ಲೇ," ಅಂದಳು.

"ಅವ್ವನ್ನ ಒಂದ್ಮಾತು ಕೇಳ್ತೀನಿ ತಡಿ."

ಅವ್ವ ಬಜೆ ಹಿಡಿದೇ ಬಂದಳು. "ಪುರುಡು ಕಳೀದೆ ಬಾಣಂತಿ ಹೊಸ್ಲು ದಾಟ್ತಾಳಾ? ನಾಳೆ ಅಮಾಸೆ ಬೇರೆ. ಮಗೀಗೆ ಬಾಲಗ್ರಹ ಆಗೈತೆ. ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ. ಮಾಲೇಕಲ್ಲು ತಿಮ್ಮಪ್ಪನಿಗೆ ಒಂದು ಮುಡಿಪು ಕಟ್ಟು. ಹನ್ನೊಂದು ದಿನ ಕಳೀಲಿ, ಆಮೇಲೆ ನೋಡಾಣ."

ಗುರುಮೂರ್ತಿ ತಲೆ ತಗ್ಗಿಸಿ ನಿಂತ. ಆಗಲೇ ಅಂಗಳದಲ್ಲಿ ಕಾರಿನ ಸದ್ದಾಯಿತು. ಮರಿಯಣ್ಣ ಕೊಟ್ಟಿಗೆಯಿಂದ ಓಡಿ ಬಂದು, "ಬನ್ನಿ ಡಾಕ್ಟ್ರೇ, ಬನ್ನಿ. ಬೆಳಗ್ಗಿಂದ ಕರ ಕೆಚ್ಚಲಿಗೆ ಬಾಯಿ ಹಾಕಿಲ್ಲ. ಜೀವ ಹೊಡ್ಕೋತೈತೆ ನಂಗೆ," ಎಂದು ದನದ ಡಾಕ್ಟರು ಇಂದ್ರೇಶ್ ಅವರನ್ನು ಕರೆದೊಯ್ದ. ಬೀರಮ್ಮನೂ ಬಜೆ ಅಲ್ಲೇ ಇಟ್ಟು ಬಿಸಿನೀರಿನ ತಂಬಿಗೆ ಹಿಡಿದು ಕೊಟ್ಟಿಗೆಗೆ ಓಡಿದಳು.

ಭವ್ಯಾ ನೋಡಿದಳು. ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು, ಶಾಲು ಹೊದ್ದಳು, ಹೊಸ್ತಿಲು ದಾಟಿದಳು. ಆರು ದಿನದಿಂದ ಬಿಸಿಲು ಕಾಣದ ಕಣ್ಣನ್ನು ಬೆಳಕು ಕುಕ್ಕಿತು. ನೇರ ಕೊಟ್ಟಿಗೆಯ ಮುಂದೆ ಹೋಗಿ ನಿಂತಳು.

"ಅಯ್ಯಯ್ಯೋ! ಒಳಿಕ್ಕೆ ನಡಿಯೇ!" ಬೀರಮ್ಮ ಕೂಗಿದಳು.

"ನಡೆಯಲ್ಲ ಅತ್ತೆ." ಭವ್ಯಾಳ ದನಿ ಅವಳಿಗೇ ಗುರುತು ಸಿಗದಷ್ಟು ಒರಟಾಗಿತ್ತು. "ಕರ ಒಂದು ಹೊತ್ತು ಹಾಲು ಬಿಟ್ಟಿದ್ದಕ್ಕೆ ಡಾಕ್ಟ್ರು ಮನೆ ಬಾಗಿಲಿಗೆ ಬಂದ್ರು. ನನ್ನ ಮಗಳು ನಿನ್ನೆಯಿಂದ ಬಿಟ್ಟವ್ಳೆ, ಅವಳಿಗೆ ಉಪ್ಪು ಮೆಣಸಿನಕಾಯಿ! ಮಾವ, ನಿಮ್ಮ ಕರಾನ ಅಮಾಸೆ ಕಳೀಲಿ ಅಂತ ಬಿಟ್ಟಿದ್ರಾ? ಅದಕ್ಕೆ ಪುರುಡಿಲ್ವಾ? ನನ್ನ ಮಗನ್ನ ಸಾಧು ಸಾಧು ಅಂತ ಮಣ್ಣಿಗೆ ಹಾಕಿದ್ರಿ. ಅವನು ಸಾಧು ಆಗಿರ್ಲಿಲ್ಲ, ಅಳೋಕೆ ಶಕ್ತಿ ಇರ್ಲಿಲ್ಲ ಅವನಿಗೆ!"

ಮರಿಯಣ್ಣ ಕರುವಿನ ಹಗ್ಗ ಹಿಡಿದು ಹಾಗೇ ನಿಂತಿದ್ದ. ಇಂದ್ರೇಶ್ ಕೈ ಒರೆಸಿಕೊಂಡು ಹತ್ತಿರ ಬಂದು ಮಗುವನ್ನು ನೋಡಿದರು.

"ನಾನು ದನದ ಡಾಕ್ಟ್ರು ಕಣಮ್ಮ, ಮಗೂಗೆ ಔಷಧಿ ನಾನು ಕೊಡಬಾರದು. ಆದ್ರೆ ಹೀಗೆ ಉಸಿರೆಳೆಯೋ ಯಾವ ಮರೀನೂ ಮನೇಲಿ ಇಟ್ಕೋಬಾರದು ಅಂತ ಗೊತ್ತು. ಕಾರು ಹತ್ತಿ."

"ಗುರು, ತಡಿಯೋ ಅವಳ್ನ!" ಎಂದಳು ಬೀರಮ್ಮ.

ಗುರುಮೂರ್ತಿ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಭವ್ಯಾ ಅವನ ಉತ್ತರಕ್ಕೆ ಕಾಯದೆ ಕಾರು ಹತ್ತಿದಳು. ಕಾರು ಊರ ಬಾಗಿಲು ದಾಟುವಾಗ ಹಿಂದೆ ಅವನ ಬೈಕು ಬರುತ್ತಿರುವುದು ಕನ್ನಡಿಯಲ್ಲಿ ಕಂಡಿತು.

ಬೇಲೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದರು, ಗಡಿಯಾರ ಹಿಡಿದು ಉಸಿರು ಎಣಿಸಿದರು. ನಿಮಿಷಕ್ಕೆ ಎಪ್ಪತ್ತೆರಡು. ಅರವತ್ತು ದಾಟಬಾರದು ಅಂದರು. ಹೊಕ್ಕುಳಿಗೆ ಏನು ಹಾಕಿದಿರಿ ಎಂದು ಕೇಳಿದಾಗ ಭವ್ಯಾ, "ಬೆರಣಿ ಬೂದಿ," ಎಂದಳು. ಡಾಕ್ಟರಮ್ಮ ಹಲ್ಲು ಕಚ್ಚಿದರು.

"ನಂಜು ರಕ್ತಕ್ಕೆ ಏರಿದೆ. ಮೊದಲ ಇಂಜೆಕ್ಷನ್ ಇಲ್ಲೇ ಕೊಡ್ತೀವಿ. ಆಂಬುಲೆನ್ಸಲ್ಲಿ ಹಾಸನಕ್ಕೆ ಕಳಿಸ್ತೀನಿ. ದಾರಿಯುದ್ದಕ್ಕೂ ಮಗೂನ ನಿಮ್ಮ ಬರಿಮೈಗೆ ಅಂಟಿಸ್ಕೊಂಡು ಕೂತಿರಿ, ಬೆಚ್ಚಗಿರ್ಬೇಕು. ಇದು ಮೊದಲ ಮಗೂನಾ?"

"ಎರಡನೇದು. ಮೊದಲನೇದು ಒಂಬತ್ತು ದಿನಕ್ಕೆ ಹೋಯ್ತು. ಹೀಗೇ ಇತ್ತು. ಋಣ ಇರಲಿಲ್ಲ ಅಂದ್ರು."

ಡಾಕ್ಟರಮ್ಮನ ಪೆನ್ನು ನಿಂತಿತು. "ಅದು ಋಣ ಅಲ್ಲಮ್ಮ," ಎಂದರು ಮೆಲ್ಲಗೆ. "ಕಾಯಿಲೆ."

ಆಂಬುಲೆನ್ಸಿನಲ್ಲಿ ಎದುರು ಕೂತಿದ್ದ ಗುರುಮೂರ್ತಿ, "ಎಲ್ಲಾರ ಮುಂದೆ ಅವ್ವಂಗೆ ಹಂಗನ್ನಬಾರದಿತ್ತು ನೀನು," ಎಂದ.

"ನೀವು ಅಂದಿದ್ರೆ ನಾನು ಅನ್ನೋ ಹಂಗೇ ಇರ್ಲಿಲ್ಲ," ಎಂದಳು ಭವ್ಯಾ.

ಹಾಸನದ ಆಸ್ಪತ್ರೆಯಲ್ಲಿ ಮಗು ಹತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾಲ್ಕನೇ ದಿನ ಮೊದಲ ಸಲ ಗಟ್ಟಿಯಾಗಿ ಅತ್ತಿತು. ಆ ಕಿರುಚಾಟ ಕೇಳಿ ಭವ್ಯಾ ಪೆಟ್ಟಿಗೆಯ ಬಳಿಗೆ ಓಡಿದಳು. ಅವತ್ತೇ ಬೀರಮ್ಮ ಬಂದಳು, ಕೈಯಲ್ಲಿ ಊಟದ ಡಬ್ಬಿ. ಬೆಂಚಿನ ತುದಿಯಲ್ಲಿ ಕೂತಳು. ನರ್ಸು ಪಕ್ಕದ ತಾಯಿಗೆ ಹೇಳುತ್ತಿದ್ದರು: ಹಾಲು ಬಿಟ್ಟರೆ, ಮೈ ತಣ್ಣಗಾದರೆ ಇಲ್ಲವೇ ಜ್ವರದಿಂದ ಸುಡುತ್ತಿದ್ದರೆ, ಅಂಗಾಲಿನವರೆಗೂ ಹಳದಿಯಾದರೆ, ಫಿಟ್ಸ್ ಬಂದರೆ ಒಂದು ಗಳಿಗೆಯೂ ಕಾಯಬೇಡಿ.

ಬೀರಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಸೆರಗಿನ ತುದಿ ಹಿಂಡುತ್ತ, "ಗುರು ಹುಟ್ಟೋಕೆ ಮುಂಚೆ ನಂಗೆ ಇಬ್ರಿದ್ರು," ಎಂದಳು. "ಒಂದು ಹೆಣ್ಣು, ಒಂದು ಗಂಡು. ಹೆಣ್ಣು ಅಂಗಾಲೆಲ್ಲ ಹಳದಿ ಆಗಿ ಹೋಯ್ತು. ಗಂಡು ಹಾಲು ಬಿಟ್ಟು. ನಮ್ಮತ್ತೆ ಬಾಲಗ್ರಹ ಅಂದ್ಳು. ಯಾರೂ ನಂಗೆ ಹೇಳ್ಲಿಲ್ಲ ಕಣವ್ವ."

ಭವ್ಯಾಗೆ ಅತ್ತೆಯ ಮೇಲೆ ಮರುಕ ಬಂತು. ಆದರೂ ಸಿಟ್ಟು ಜಾಗ ಬಿಡಲಿಲ್ಲ.

"ನಿಮಗೆ ನಾನು ಹೇಳ್ದೆ ಅತ್ತೆ," ಎಂದಳು. "ಎರಡು ದಿನ ಹೇಳ್ದೆ."

ಬೀರಮ್ಮ ಡಬ್ಬಿಯನ್ನು ಸೊಸೆಯ ಕಡೆ ಸರಿಸಿ ಎದ್ದು ಹೋದಳು.

ಮಗಳನ್ನು ಮನೆಗೆ ತಂದ ಮೇಲೆ ಹೊಕ್ಕುಳಿಗೆ ಯಾರೂ ಏನೂ ಹಚ್ಚಲಿಲ್ಲ. ಬಜೆಯೂ ಇಲ್ಲ, ಹೊಗೆಯೂ ಇಲ್ಲ. ಭವ್ಯಾ ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಬೀರಮ್ಮ ತಾಯಿ ಕಾರ್ಡನ್ನು, ಬಸುರಿಯರ ಹಾಳೆಯನ್ನೂ ಸೇರಿಸಿ, ಮಗನಿಂದ ಓದಿಸಿ ಕೇಳಿದ್ದಳು.

ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ದ್ಯಾವಮ್ಮನ ಅಂಗಳದಲ್ಲಿ ಜೋರು ಗಲಾಟೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಭವ್ಯಾ, ಅವಳ ಹಿಂದೆ ಗುರುಮೂರ್ತಿ, ಹೋಗಿ ನೋಡಿದರೆ ಕೂಗುತ್ತಿದ್ದವಳು ಬೀರಮ್ಮ. ದ್ಯಾವಮ್ಮನ ಎಂಟು ತಿಂಗಳ ಬಸುರಿ ಸೊಸೆ ಜಗುಲಿಯಲ್ಲಿ ತಲೆ ಹಿಡಿದು ಕೂತಿದ್ದಳು. ಮುಖ, ಕೈ, ಕಾಲು ಎಲ್ಲ ಊದಿತ್ತು. ಕಣ್ಣು ಮಂಜಾಗುತ್ತೆ ಅನ್ನುತ್ತಿದ್ದಳು.

"ಬಸುರೀಗೆ ಊದ್ದೆ ಇನ್ಯಾರಿಗೆ ಊದ್ತದೆ? ಬಿಸಿಲಿಗೆ ತಲೆನೋವು ಅಷ್ಟೇ," ಅಂದಳು ದ್ಯಾವಮ್ಮ.

"ಬಾಯಿ ಮುಚ್ಚು ದ್ಯಾವಿ!" ಬೀರಮ್ಮನ ಕತ್ತಿನ ನರ ಉಬ್ಬಿತ್ತು. "ನಾನೂ ಹಿಂಗೇ ಅಂದ್ಕೊಂಡು ಎರಡು ಹೆತ್ತೋವ್ನ ಕಳ್ಕೊಂಡೆ, ಮೊಮ್ಮಗನ್ನೂ ಕಳ್ಕೊಂಡೆ! ಗುರು, ಆಂಬುಲೆನ್ಸಿಗೆ ಫೋನ್ ಮಾಡೋ. ಇವಳೇನು ಒಪ್ಪೋದು, ಕೇಳೋದೂ ಬ್ಯಾಡ!"

ಗುರುಮೂರ್ತಿ ಈ ಸಲ ಯಾರ ಮುಖವನ್ನೂ ನೋಡದೆ ಫೋನ್ ತೆಗೆದ. ಆ ಹುಡುಗಿಯ ಬಿ.ಪಿ. ನೂರಾ ಎಪ್ಪತ್ತರ ಮೇಲಿತ್ತಂತೆ. ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮೂರನೇ ದಿನ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಉಳಿದರು.

ಭವ್ಯಾಳ ಸಿಟ್ಟು ಪೂರಾ ಇಳಿಯಿತು ಅಂತ ಹೇಳುವಂತಿಲ್ಲ. ಮಗನ ನೆನಪಾದ ದಿನ ಅತ್ತೆಯ ದನಿ ಕೇಳಿದರೆ ಇವತ್ತಿಗೂ ಹಲ್ಲು ಬಿಗಿಯುತ್ತಾಳೆ. ಆದರೆ ಅವತ್ತು ದ್ಯಾವಮ್ಮನ ಅಂಗಳದಿಂದ ಮರಳುವಾಗ ಬೀರಮ್ಮ ಹೆಜ್ಜೆ ತಪ್ಪಿ ಎಡವಿದಳು. ಭವ್ಯಾ ಮಗಳನ್ನು ಒಂದು ಹೆಗಲಿಗೆ ಬದಲಿಸಿಕೊಂಡು, ಇನ್ನೊಂದು ಕೈಯಿಂದ ಅತ್ತೆಯ ತೋಳು ಹಿಡಿದು ಮನೆಗೆ ಕರೆತಂದಳು.