ಒಂದೇ ಹಡಗು ತೋರಿಸಿದ ದುರ್ಬೀನು

ಅಪ್ಪನ ದುರ್ಬೀನನ್ನು ಕಣ್ಣಿಗೆ ಹಿಡಿದ ಕೂಡಲೇ ಅವನ ನೋಟ ಸಮುದ್ರ ದಾಟಿ, ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿ, ಹಿಂದಿನಿಂದ ಬಂದು ಅವನದೇ ಬೆನ್ನಿಗೆ ತಾಗಿತು. ಅಂಗಿಯ ಕಾಲರ್ ಹರಿದಿದೆ ಎಂಬುದು ಅವನಿಗೆ ಗೊತ್ತಾದದ್ದೇ ಹಾಗೆ. ನಂಬಿಕೆ ಬಾರದವರು ಕಾಲರನ್ನು ತಿರುಗಿಸಿ ನೋಡಬಹುದು, ಹಾಕಿದ ಹೊಲಿಗೆ ಈಗಲೂ ಇದೆ.

ಅವನು ಕನ್ನಡಕದ ಅಂಗಡಿಯವನು. ಊರಿನಲ್ಲಿ ಎಷ್ಟು ಮೂಗುಗಳಿವೆಯೋ ಅಷ್ಟರ ಮೇಲೂ ಮೂವತ್ತು ವರ್ಷದಿಂದ ಅವನ ಕೈಕೆಲಸವೇ ಸವಾರಿ ಮಾಡುತ್ತಿದೆ. ಮನೆಯಲ್ಲಿ ಅವನನ್ನು ಕರೆಯುವುದು ಬಡಾಯಿ ಎಂದು. ಆ ಹೆಸರಿಟ್ಟವರು ಅಕ್ಕನ ಗಂಡ, ಅಂದರೆ ಭಾವ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗ ರೈಲಿಲ್ಲ, ಹಾಗಾಗಿ ಎದುರಿಗೆ ಸಿಕ್ಕವರ ಮಾತಿಗೆಲ್ಲ ಟಿಕೆಟ್ ಕೇಳುತ್ತಾರೆ.

ಅಪ್ಪ ಬಂದರಿನ ಗೋಪುರದಲ್ಲಿ ಕೂತು, ಬರುವ ಹಡಗುಗಳನ್ನು ದೂರದಿಂದಲೇ ಗುರುತಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಕಪಾಟಿನಿಂದ ಚರ್ಮದ ಪೆಟ್ಟಿಗೆ ಹೊರಬಂತು, ಪೆಟ್ಟಿಗೆಯಿಂದ ದುರ್ಬೀನು. ನಲವತ್ತು ವರ್ಷದ ಹಿಂದೆ ಬೆಕ್ಕೊಂದು ಅದನ್ನು ಕಿಟಕಿಯ ಕಟ್ಟೆಯಿಂದ ಕೆಡವಿತ್ತು. ಅಂದಿನಿಂದ ಅದರಲ್ಲಿ ಒಂದು ಹಡಗು ಎರಡಾಗಿ ಕಾಣುತ್ತಿತ್ತು. ಅಪ್ಪ ಅದನ್ನು ಒಳಗಿಟ್ಟು ಬೀಗ ಹಾಕಿದರು. ಬಡಾಯಿ ಈ ಕಥೆ ಹೇಳುವಾಗ ಆ ಬೆಕ್ಕು ಮೊದಮೊದಲು ಕರುವಿನಷ್ಟಿತ್ತು. ಅವನಿಗೆ ಮದುವೆಯಾಗುವ ಹೊತ್ತಿಗೆ ಚಿರತೆಯಷ್ಟಾಗಿತ್ತು.

ಬೆಲೆ ಕಟ್ಟಿಸಲು ಭಾವ ಹಳೆ ಸಾಮಾನಿನ ವ್ಯಾಪಾರಿಯನ್ನು ಕರೆತಂದರು. ವ್ಯಾಪಾರಿ ದುರ್ಬೀನನ್ನು ಬದನೆಕಾಯಿ ಹಾಗೆ ತಿರುಗಿಸಿ ನೋಡಿದ.

“ನಡುವಿನ ಚಕ್ರವೇ ಬಿದ್ದುಹೋಗಿದೆ ಸಾರ್. ಗಾಜಿಗೆ ಬೂಷ್ಟು ಬೇರೆ. ಶೋಕೇಸಲ್ಲಿ ಇಡೋಕಾಗುತ್ತೆ ಅಷ್ಟೆ. ಒಂದು ಇಸ್ತ್ರಿಪೆಟ್ಟಿಗೆ ಬರೋಷ್ಟು ಕೊಡ್ತೀನಿ.”

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಇಸ್ತ್ರಿಪೆಟ್ಟಿಗೆ ಹಿಂದಿನ ವಾರವಷ್ಟೇ ಸುಟ್ಟುಹೋಗಿತ್ತು. ಭಾವ ಆಗಲೇ ತಲೆ ಆಡಿಸಿಬಿಟ್ಟಿದ್ದರು.

“ಚಕ್ರ ಬಿದ್ದಿಲ್ಲ, ಇದಕ್ಕೆ ಚಕ್ರ ಇರಲೇ ಇಲ್ಲ,” ಎಂದ ಬಡಾಯಿ. “ಇದು ಹಡಗಿನವರ ಮಾಲು. ಒಂದೊಂದು ಕಣ್ಣಿಗೆ ಒಂದೊಂದು ಬಳೆ. ಬಳೆ ಮೇಲೆ ನೋಡಿ, ಕೂಡಿಸೋ ಗುರುತು, ಕಳೆಯೋ ಗುರುತು, ಕನ್ನಡಕದ ನಂಬರ್ ಥರ. ಅವರವರ ಕಣ್ಣಿಗೆ ಅವರವರೇ ತಿರುಗಿಸ್ಕೋಬೇಕು. ಇಲ್ಲಿ ಏಳು, ಐವತ್ತು ಅಂತ ಕೆತ್ತಿದೆ. ಏಳು ಪಟ್ಟು ಹತ್ತಿರ ಕಾಣುತ್ತೆ, ಮುಂದಿನ ಗಾಜು ಐವತ್ತು ಮಿಲಿಮೀಟರ್ ಅಗಲ. ಮೋಡ ಮುಸುಕಿದ ಸಂಜೇಲೂ ಬೆಳಕು ಹೀರೋ ಗಾಜು.”

“ಎರಡೆರಡು ಹಡಗು ತೋರಿಸುತ್ತಲ್ಲಪ್ಪ, ಅದಕ್ಕೆ ಎಲ್ಲಿ ಕೆತ್ತಿದೆ?” ಎಂದರು ಭಾವ.

“ಭಾನುವಾರ ಸಂಜೆಯೊಳಗೆ ಒಂದು ಮಾಡ್ತೀನಿ. ಮಾಡಿದ್ರೆ ನನಗೆ. ಇಲ್ದಿದ್ರೆ ನಿಮ್ಮ ಇಸ್ತ್ರಿಪೆಟ್ಟಿಗೆ ನಿಮಗೆ.”

ದುರ್ಬೀನಿನ ಮೈಮೇಲೆ ಒಂದು ಕಡೆ ಅಪ್ಪನ ಹೆಬ್ಬೆರಳು ಸವೆಸಿ ಸವೆಸಿ ಕಪ್ಪು ಬಣ್ಣ ಹೋಗಿ ಹಿತ್ತಾಳೆ ಹೊಳೆಯುತ್ತಿತ್ತು. ಆ ಜಾಗದಲ್ಲಿ ತನ್ನ ಹೆಬ್ಬೆರಳು ಇಡಬೇಕೆಂದು ಅವನಿಗೆ ಚಿಕ್ಕಂದಿನಿಂದ ಆಸೆ. ಅವನು ಯಾರ ಮುಂದೆಯೂ ಕೊಚ್ಚಿಕೊಳ್ಳದ ಸಂಗತಿ ಅದೊಂದೇ.

ನಾಲ್ಕು ದಿನ ಅಂಗಡಿ ಮುಚ್ಚಿತು. ಕನ್ನಡಕ ಸಿಗದೆ ಊರಿನ ಅರ್ಧ ಜನ ತಮ್ಮ ಮನೆಯೆಂದು ಪಕ್ಕದ ಮನೆಗೆ ನುಗ್ಗಿದರು. ಬಡಾಯಿ ಗಾಜುಗಳನ್ನು ಬಿಚ್ಚಿ ಎರಡು ಬಕೆಟ್ ಬೂಷ್ಟು ತೆಗೆದ. ಆದರೂ ಅಂಗಡಿಯ ಕಿಟಕಿಯಿಂದ ಕಾಣುವ ಕಾರ್ಖಾನೆಯ ಒಂಟಿ ಚಿಮಣಿ ದುರ್ಬೀನಿನಲ್ಲಿ ಜೋಡಿಯಾಗಿಯೇ ನಿಂತಿತ್ತು. ಒಳಗೆ ಬೆಳಕನ್ನು ತಿರುಗಿಸುವ ಮೂಲೆಗಾಜು ಒಂದಿಷ್ಟು ವಾಲಿದೆ ಎಂದು ಅವನಿಗೆ ಗೊತ್ತು. ಅದನ್ನು ಅಲುಗಿಸುವ ತಿರುಪು ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ ಊಟದ ಡಬ್ಬಿ ತಂದ ಅಕ್ಕ, ದುರ್ಬೀನಿನ ಹೊರಚರ್ಮದ ಮೇಲೆ ಸುಮ್ಮನೆ ಬೆರಳಾಡಿಸಿದಳು.

“ಇಲ್ಲೇನೋ ಚುಚ್ಚುತ್ತಲ್ಲೋ. ಒಳಗಡೆ ದಾರದ ಗಂಟು ಬಿಟ್ಟ ಹಾಗಿದೆ.”

ಅವಳೇ ಸೂಜಿಯಿಂದ ಚರ್ಮದ ಅಂಚನ್ನು ಎಬ್ಬಿಸಿದಳು. ಅಡಿಯಲ್ಲಿ ಎಳ್ಳಿನಷ್ಟು ತಿರುಪು. ಬಡಾಯಿ ಅದನ್ನು ಕೂದಲೆಳೆಯಷ್ಟು ತಿರುಗಿಸಿದ. ಎರಡು ಚಿಮಣಿಗಳು ಮುನಿಸು ಬಿಟ್ಟ ಗಂಡಹೆಂಡಿರ ಹಾಗೆ ಹತ್ತಿರ ಹತ್ತಿರ ಸರಿದು ಒಂದಾದವು.

“ನೋಡಿದ್ಯಾ ನನ್ನ ಕೈಚಳಕ,” ಎಂದ ಅಕ್ಕನಿಗೆ. ಅಕ್ಕ ಅವನ ಹರಿದ ಕಾಲರ್ ತೋರಿಸಿ, ಕೂರಿಸಿ ಹೊಲಿದು ಹೋದಳು.

ಭಾನುವಾರ ಸಂಜೆ ವ್ಯಾಪಾರಿಯೂ ಸೇರಿ ಎಲ್ಲರೂ ತಾರಸಿ ಹತ್ತಿದರು. ಭಾವ ಬಂದರಿನ ಕಚೇರಿಗೆ ಫೋನ್ ಮಾಡಿ, ಹೊರಗೆ ಲಂಗರು ಹಾಕಿದ್ದ ಹಡಗಿನ ವಿವರವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಬರಿಗಣ್ಣಿಗೆ ಅದು ಒಂದು ಸಾಸಿವೆ.

ಬಡಾಯಿ ಎರಡು ಬಳೆಗಳನ್ನೂ ತನ್ನ ಕಣ್ಣಿನ ನಂಬರಿಗೆ ತಿರುಗಿಸಿದ. ದುರ್ಬೀನನ್ನು ಸಮುದ್ರದ ಕಡೆ ಹಿಡಿದ. ಆಮೇಲೆ, ಭೂಮಿ ಸುತ್ತಿ ಬಂದ ನೋಟ ಮತ್ತು ಹರಿದ ಕಾಲರಿನ ಸಂಗತಿ ಹೇಳಿದ.

“ಹಡಗು ಹೇಳಪ್ಪ,” ಎಂದರು ಭಾವ.

“ಹಸಿರು ಒಡಲು. ಹಳದಿ ಹೊಗೆಕೊಳವೆ. ಅದರ ಮೇಲೆ ಮೂರು ಬಿಳಿ ಪಟ್ಟೆ.”

ಭಾವ ಚೀಟಿ ಬಿಚ್ಚಿ ಮುಗುಳ್ನಕ್ಕರು. “ನಾಲ್ಕು ಅಂತಿದೆ.”

ವ್ಯಾಪಾರಿ ದುರ್ಬೀನು ಇಸಿದುಕೊಂಡು ಎಣಿಸಿದ, ಮತ್ತೆ ಎಣಿಸಿದ. “ಮೂರೇ ಸಾರ್. ಕಚೇರಿಯವರದ್ದೇ ತಪ್ಪು. ಹಡಗೂ ಒಂದೇ.” ಕೈಯಿಂದ ಕೆಳಗಿಡಲು ಅವನಿಗೆ ಮನಸ್ಸಿರಲಿಲ್ಲ. “ಇಸ್ತ್ರಿಪೆಟ್ಟಿಗೆ ಮಾತು ಬಿಡಿ. ಅಕ್ಕನಿಗೆ ಹೊಸ ಹೊಲಿಗೆ ಮೆಷಿನ್ನೇ ಬರುತ್ತೆ.”

ಅಕ್ಕ ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಚರ್ಮದ ಪೆಟ್ಟಿಗೆಯ ಒಳಬಟ್ಟೆಯನ್ನೇ ನೋಡುತ್ತಿದ್ದಳು. “ಇದು ಮೆಷಿನ್ ಹೊಲಿಗೆ ಅಲ್ಲ. ಅಪ್ಪ ಅಂಗಿಗೆ ಗುಂಡಿ ಹೊಲ್ಕೋತಿದ್ದದ್ದು ಹೀಗೇ, ಸೊಟ್ಟಸೊಟ್ಟ.” ಅವಳು ದಾರ ಕಿತ್ತಳು. ಒಳಗೊಂದು ಮಡಿಸಿದ ಕಾಗದ, ಅಪ್ಪನ ಅಕ್ಷರ. ಗಟ್ಟಿಯಾಗಿ ಓದಿದಳು.

“ಈ ದುರ್ಬೀನು ಇದನ್ನು ಬೀಳಿಸಿದವರಿಗೇ ಸೇರತಕ್ಕದ್ದು. ಇಷ್ಟು ವರ್ಷ ಹೆದರಿಕೊಂಡಿದ್ದಕ್ಕೆ ಅಷ್ಟಾದರೂ ಸಿಗಲಿ.”

ಭಾವನ ಮುಖ ಅರಳಿತು. “ಹಾಗಾದ್ರೆ ಇದು ಬೆಕ್ಕಿಗೆ ಸೇರಬೇಕು. ಬೆಕ್ಕಿನ ಕಡೆಯ ವಾರಸುದಾರರು ಯಾರಾದ್ರೂ ಇದ್ದೀರಾ? ಇಲ್ಲ ಅಂದ್ರೆ ಮಾರಿಬಿಡೋದು.”

ವ್ಯಾಪಾರಿ ಜೇಬಿಗೆ ಕೈಹಾಕಿದ. ಬಡಾಯಿ ದುರ್ಬೀನನ್ನು ಅವನಿಂದ ತೆಗೆದುಕೊಂಡ.

“ಬೆಕ್ಕಲ್ಲ,” ಎಂದ.

“ಚಿರತೆಯಷ್ಟಿತ್ತು ಅಂದ್ಯಲ್ಲ.”

“ಅಂಗೈಯಷ್ಟು ಮರಿ ಭಾವ. ಒಲೆ ಪಕ್ಕ ನಿದ್ದೆ ಮಾಡ್ತಿತ್ತು. ಅಪ್ಪನ ಥರ ಒಂದೇ ಕೈಲಿ ಹಿಡಿಯೋಕೆ ಹೋದೆ, ಜಾರಿತು. ಬೀಳಿಸಿದ್ದು ನಾನು.”

“ತಿರುಪು?” ಎಂದಳು ಅಕ್ಕ.

“ಹುಡುಕಿದ್ದು ನೀನು.”

“ಕಾಲರ್?”

“ಅದನ್ನೂ ನೀನೇ ಹೇಳಿದ್ದು. ನನ್ನ ಬೆನ್ನು ನನಗೆ ಕಾಣಲಿಲ್ಲ.” ಅವನ ಹೆಬ್ಬೆರಳು ಹಿತ್ತಾಳೆ ಹೊಳೆಯುವ ಜಾಗದಲ್ಲಿ ಸರಿಯಾಗಿ ಕೂತಿತ್ತು. “ಕಂಡದ್ದು ಒಂದು ಹಡಗು. ಒಂದೇ.”